ನೇಯೋ ಕಾಲು

ಮೊಮ್ಮಗಳು ಕಾಲೇಜಿನಿಂದ ಬಂದವಳೇ, ಬ್ಯಾಗನ್ನೂ ಇಳಿಸದೆ, "ಅಜ್ಜಿ, ಮಾವನಿಗೆ ನಾವು ಕಾಲು ಕೊಡಿಸ್ತೀವಿ" ಅಂದಳು. ನಾನು ಶೇಂಗಾ ಸುಲಿಯುತ್ತಾ ಕೂತಿದ್ದೆ.

"ನಾವು ಅಂದ್ರೆ ಯಾರೇ?"

"ನಮ್ಮ ಕ್ಲಬ್ಬು."

ಕ್ಲಬ್ಬು ಅಂದ್ರೆ ಚಳ್ಳಕೆರೆಯ ಸೇವಾ ಕ್ಲಬ್ಬು. ಎಣ್ಣೆ ಮಿಲ್ಲಿನೋರು, ಬಟ್ಟೆ ಅಂಗಡಿಯೋರು, ಡಾಕ್ಟ್ರು, ಲಾಯರು ಸೇರಿ ನಡೆಸೋದು. ಕಾಲೇಜು ಮಕ್ಕಳಿಗೆ ಅಂತ ಅದಕ್ಕೊಂದು ಮರಿ ಕ್ಲಬ್ಬು, ಅದರಲ್ಲಿ ನಮ್ಮ ಹುಡುಗಿ. ಅವರು ಗಿಡ ನೆಟ್ಟಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಒಂದು ಬೇವಿನ ಸಸಿ ಹಿಡಿಯೋಕೆ ಎಷ್ಟು ಜನ ಬಗ್ಗಿದ್ರು ಅಂದ್ರೆ, ಫೋಟೋದಲ್ಲಿ ಸಸೀನೇ ಕಾಣಲಿಲ್ಲ. ಆದ್ರೆ ಸುಳ್ಳು ಹೇಳಬಾರದು, ನನ್ನ ಎಡಗಣ್ಣಿನ ಪೊರೆ ತೆಗೆಸಿದ್ದೂ ಅವರ ಕ್ಯಾಂಪಿನಲ್ಲೇ. ಅದಕ್ಕೇ ಅವರನ್ನ ಬೈಯುವಾಗ ಅರ್ಧ ಬೈದು ನಿಲ್ಲಿಸ್ತೀನಿ.

ಮಾವ ಅಂತ ಅವಳು ಅಂದದ್ದು ನನ್ನ ಅಳಿಯನ್ನ. ನಾನಿರೋದು ಚಳ್ಳಕೆರೆಯಲ್ಲಿ, ಮಗನ ಮನೇಲಿ. ಮಗಳನ್ನ ಕೊಟ್ಟಿರೋದು ನನ್ನ ತವರಾದ ಮೊಳಕಾಲ್ಮೂರಿಗೇ, ರೇಷ್ಮೆ ಸೀರೆ ನೇಯೋ ಮನೆಗೆ. ಅಳಿಯ ಬೈಕಿನಲ್ಲಿ ರಾಂಪುರದಿಂದ ಬರುವಾಗ ಈರುಳ್ಳಿ ತುಂಬಿದ ಟ್ರ್ಯಾಕ್ಟರು ರಸ್ತೆ ಮೇಲೇ ನಿಂತಿತ್ತು. ಟ್ರೇಲರಿಗೆ ಹಿಂದೆ ಲೈಟಿರಲಿಲ್ಲ, ಅಳಿಯನ ಬೈಕಿಗೆ ಬ್ರೇಕಿರಲಿಲ್ಲ. ಬಲಗಾಲು ಮಂಡಿಯ ಕೆಳಗೆ ಹೋಯ್ತು. ಜೀವ ಉಳೀತು ಅಂತ ಎಲ್ಲರೂ ಹೇಳಿದ್ರು. ನಾನೂ ಹೇಳಿದೆ. ಬೇರೆ ಏನು ಹೇಳೋದು?

ನಮ್ಮ ಕಡೆಯ ಮಗ್ಗದ ವಿಚಾರ ಗೊತ್ತಿಲ್ಲದೋರಿಗೆ ಒಂದು ಮಾತು ಹೇಳಬೇಕು. ನೆಲದಲ್ಲಿ ಗುಣಿ ತೋಡಿ, ಅದರ ಮೇಲೆ ಮಗ್ಗ ಹೂಡಿರ್ತಾರೆ. ನೇಯೋನು ದಡದ ಮೇಲೆ ಕೂತು ಕಾಲು ಗುಣಿಗೆ ಇಳಿಬಿಡ್ತಾನೆ. ಕೆಳಗೆ ಎರಡು ತುಳಿಮಣೆ ಪಕ್ಕಪಕ್ಕದಲ್ಲೇ ತೂಗಾಡ್ತಿರ್ತಾವೆ. ಒಂದನ್ನ ತುಳಿದ್ರೆ ಅರ್ಧ ಎಳೆ ಮೇಲೇಳ್ತಾವೆ, ಇನ್ನೊಂದನ್ನ ತುಳಿದ್ರೆ ಉಳಿದರ್ಧ. ನಡುವೆ ಅಡ್ಡ ಎಳೆ ಹೊತ್ತ ಲಾಳಿ ಓಡುತ್ತೆ, ಆ ಎಳೆಯನ್ನ ಬಡಿದು ಬಿಗಿ ಮಾಡ್ತಾರೆ. ಸೀರೆಯ ಒಡಲು ಒಂದು ಬಣ್ಣ, ಅಂಚು ಒಂದು ಬಣ್ಣ ಆದ್ರೆ ಒಬ್ಬರ ಕೈಲಿ ಆಗಲ್ಲ. ಪಕ್ಕದಲ್ಲಿ ಇನ್ನೊಬ್ಬರು ಕೂತು ಅಂಚಿನ ಲಾಳಿ ತಳ್ಳಬೇಕು. ಆ ಪಕ್ಕದ ಜಾಗ ಮಕ್ಕಳದ್ದು, ಇಲ್ಲ ಹೆಂಡತಿದು. ನಾನು ನಾಕನೇ ಕ್ಲಾಸು ಬಿಟ್ಟು ಕೂತಿದ್ದೂ ಅಲ್ಲೇ, ನಮ್ಮಪ್ಪನ ಪಕ್ಕ. ಈಗ ಎಷ್ಟೋ ಮನೇಲಿ ಹೆಂಗಸರು ಗುಣಿಗೆ ಕಾಲಿಟ್ಟು ನೇಯ್ತಾರೆ. ನನ್ನ ಮಗಳ ಮನೇಲಿ ಮಾತ್ರ ಆ ಜಾಗ ಅಳಿಯಂದೇ ಆಗಿತ್ತು.

ಆಸ್ಪತ್ರೆಯಿಂದ ಅವನು ಬಂದಾಗ ಮಗ್ಗದ ಮೇಲೆ ಅರ್ಧ ಸೀರೆ ನಿಂತಿತ್ತು. ಮಗಳು ಯಾರನ್ನೂ ಕೇಳಲಿಲ್ಲ. ಒಂದು ಬೆಳಿಗ್ಗೆ ಸೀರೆ ಎತ್ತಿ ಕಟ್ಟಿ, ಗುಣಿಗೆ ಕಾಲು ಬಿಟ್ಟು, ತುಳಿಯೋಕೆ ಶುರು ಮಾಡಿದಳು. ಅಳಿಯ ಊರುಗೋಲು ಗೋಡೆಗೆ ಒರಗಿಸಿ ಪಕ್ಕದ ಜಾಗದಲ್ಲಿ ಕೂತು ಅಂಚಿನ ಲಾಳಿ ಹಿಡಿದ. ಆ ಸೀರೆ ಮುಗಿದಾಗ ನಡುವೆ ಒಂದು ಗೆರೆ ಎದ್ದು ಕಾಣ್ತಿತ್ತು. ಅವನ ಬಡಿತ ಬಿಗಿ, ಇವಳದ್ದು ಆಗಿನ್ನೂ ಸಡಿಲ. ಎಲ್ಲಿ ಕೈ ಬದಲಾಯ್ತು ಅಂತ ಬಟ್ಟೆ ಮೇಲೆ ಬರೆದಂಗಿತ್ತು. ವ್ಯಾಪಾರಸ್ಥ ತಗೊಳ್ಳಲಿಲ್ಲ. ಮಗಳೇ ಉಟ್ಟುಕೊಂಡಳು.

ಅಳಿಯನ ಗೆಳೆಯನೊಬ್ಬ ಬಾಗಿಲಲ್ಲಿ ನಿಂತು, "ಏನಲೇ, ಪ್ರಮೋಷನ್ನಾ? ಅಪ್ಪನ ಜಾಗದಿಂದ ಮಗನ ಜಾಗಕ್ಕೆ?" ಅಂದು ನಕ್ಕ. ಕೆಟ್ಟೋನಲ್ಲ, ಬಾಯಿ ಅಷ್ಟೇ. ಅಳಿಯನೂ ನಕ್ಕ. ಆಮೇಲೆ ಮಾತು ಕಮ್ಮಿ ಮಾಡಿದ. ಊಟಕ್ಕೆ ಕರೆದ್ರೆ ಬರೋನು, ಕೇಳಿದ್ದಕ್ಕೆ ಉತ್ತರ ಕೊಡೋನು, ಅಷ್ಟೇ. ಕಾಲು ಹೋದದ್ದಕ್ಕಿಂತ ಆ ಜಾಗ ಹೋದದ್ದು ಅವನನ್ನ ತಿಂತಿತ್ತು. ನೇಕಾರರ ಮನೇಲಿ ಹುಟ್ಟಿದೋಳಿಗೆ ಅದನ್ನ ಯಾರೂ ಹೇಳಿಕೊಡಬೇಕಾಗಿಲ್ಲ.

ಅಳತೆ ತಗೊಳ್ಳೋ ದಿನ ಚಳ್ಳಕೆರೆಯ ಕಲ್ಯಾಣ ಮಂಟಪಕ್ಕೆ ಹೋದ್ವಿ. ದೂರದ ಊರಿನ ಒಂದು ಸಂಸ್ಥೆ ಕಾಲು ಮಾಡಿಕೊಡೋದು, ಕ್ಲಬ್ಬು ಜನ ಸೇರಿಸಿ ಊಟ, ವ್ಯಾನು ನೋಡಿಕೊಳ್ಳೋದು. ಅದಕ್ಕೆ ಪಾರ್ಟನರ್‌ಶಿಪ್ಪು ಅಂತಾರೆ ಅಂತ ಮೊಮ್ಮಗಳು ಹೇಳಿದಳು. ಮರಿ ಕ್ಲಬ್ಬಿನ ಮಕ್ಕಳು ನೀಲಿ ಟೀ ಶರ್ಟು ಹಾಕ್ಕೊಂಡು ಗಾಲಿ ಕುರ್ಚಿ ತಳ್ತಿದ್ರು. ನಮ್ಮ ಮುಂದೆ ಪರಶುರಾಂಪುರದ ಕಡೆಯ ಒಬ್ಬ ಕುರಿಯೋನು ಕೂತಿದ್ದ. ಅವನದ್ದೂ ಒಂದೇ ಕಾಲು.

"ಏನಮ್ಮಾ, ಈ ಕಾಲಿಗೆ ಜಾಲಿಮುಳ್ಳು ಚುಚ್ಚತೈತಾ?" ಅಂತ ಒಬ್ಬ ಹುಡುಗಿಯನ್ನ ಕೇಳಿದ.

"ಚುಚ್ಚಿದ್ರೂ ನಿಮಗೆ ಗೊತ್ತಾಗಲ್ಲ ತಾತ."

"ಹಂಗಾದ್ರೆ ಎರಡೂ ಕಾಲು ಇದೇ ಹಾಕ್ರಿ" ಅಂದ. ಮಂಟಪವೆಲ್ಲ ನಕ್ಕಿತು. ಬಹಳ ದಿನದ ಮೇಲೆ ಅಳಿಯನೂ ಜೋರಾಗಿ ನಕ್ಕಿದ್ದು ಆವತ್ತೇ.

ಕೆಲವು ವಾರ ಬಿಟ್ಟು ಕಾಲು ಬಂತು. ವೇದಿಕೆ ಮೇಲೆ ಒಬ್ಬೊಬ್ಬರನ್ನೂ ನಡೆಸಿದ್ರು. ಅಳಿಯ ಪ್ಯಾಂಟು, ಬೂಟು ಹಾಕ್ಕೊಂಡು ಈ ತುದಿಯಿಂದ ಆ ತುದಿಗೆ ನಡೆದ. ಊರುಗೋಲಿಲ್ಲ. ಜನ ಚಪ್ಪಾಳೆ ತಟ್ಟಿದ್ರು, ನಾನೂ ತಟ್ಟಿದೆ. ಕ್ಲಬ್ಬಿನ ಅಧ್ಯಕ್ಷರು ಮೈಕಿನಲ್ಲಿ, "ಈ ನೇಕಾರ ಬಂಧು ಇವತ್ತಿನಿಂದ ಮತ್ತೆ ತಮ್ಮ ಕಾಲ ಮೇಲೆ ನಿಲ್ತಾರೆ" ಅಂದ್ರು. ನಿಲ್ಲೋದು ಸರಿ. ನಮಗೆ ಬೇಕಾಗಿದ್ದದ್ದು ಕೂರೋದು.

ಮರುದಿನ ನಾನೂ ಮೊಳಕಾಲ್ಮೂರಿನಲ್ಲೇ ಇದ್ದೆ. ಮಗಳು ಬೆಳಿಗ್ಗೆಯೇ ಗುಣಿ ಗುಡಿಸಿ, ಜಾಗ ಬಿಟ್ಟು ಪಕ್ಕಕ್ಕೆ ಹೋಗಿ ಕೂತಳು. ಅಳಿಯ ದಡಕ್ಕೆ ಕೂತು ಕಾಲು ಇಳಿಬಿಟ್ಟ. ಹೊಸ ಪಾದ ಅಗಲ, ಗಟ್ಟಿ, ಹಲಗೆ ಥರ. ಬಲಗಡೆಯ ತುಳಿಮಣೆ ತುಳಿದ್ರೆ ಎಡಗಡೆಯದ್ದೂ ಜತೆಗೆ ಇಳೀತು. ಎಳೆಗಳೆಲ್ಲ ಗೋಜಲಾಗಿ ಲಾಳಿ ನಡುವೆ ಸಿಕ್ಕಿಕೊಳ್ತು. ಮತ್ತೆ ತುಳಿದ. ಜಾರಿತು. ಬರಿಗಾಲ ಬೆರಳಿಗೆ ಮಣೆ ಎಲ್ಲೈತೆ ಅಂತ ಕತ್ತಲಲ್ಲೂ ಗೊತ್ತಾಗುತ್ತೆ, ಈ ಕಾಲಿಗೆ ಎಲ್ಲಿ ಗೊತ್ತಾಗಬೇಕು? ಎಡಗಾಲಲ್ಲೇ ಎರಡೂ ಮಣೆ ತುಳಿದು ನೋಡಿದ. ಮಧ್ಯಾಹ್ನಕ್ಕೆ ಸೊಂಟ ಹಿಡೀತು, ಎಳೆ ಹರೀತು. ಮೇಲೆ ಬಂದು, ಕಾಲು ಬಿಚ್ಚಿ ಗೂಟಕ್ಕೆ ನೇತುಹಾಕಿ, "ಟೀ ಅಂಗಡಿಗೆ ಹೋಗೋಕೆ ಒಳ್ಳೇ ಕಾಲು" ಅಂದ. ಮಗಳು ಹರಿದ ಎಳೆ ಗಂಟು ಹಾಕಿ, ಮತ್ತೆ ಗುಣಿಗೆ ಕಾಲು ಬಿಟ್ಟಳು.

ನಾನು ಚಳ್ಳಕೆರೆಗೆ ಬಂದವಳೇ ಅಧ್ಯಕ್ಷರ ಎಣ್ಣೆ ಮಿಲ್ಲಿಗೆ ಹೋದೆ. ಮಿಷನ್ನಿನ ಸದ್ದಿಗೆ ಇಬ್ಬರೂ ಕೂಗಿಕೊಂಡೇ ಮಾತಾಡಬೇಕು.

"ಸ್ವಾಮಿ, ನಡೆಯೋ ಕಾಲು ಕೊಟ್ರಿ. ಪುಣ್ಯ ಬರಲಿ. ನಮಗೆ ನೇಯೋ ಕಾಲು ಬೇಕು."

"ಏನು ಕಾಲಮ್ಮಾ?"

"ನೇಯೋ ಕಾಲು. ನಿಮ್ಮ ಕಾಲು ಮಗ್ಗಕ್ಕೆ ಬರಲ್ಲ."

ಅವರು ನನ್ನನ್ನ ಕೂರಿಸಿ, ನೀರು ತರಿಸಿ, ಆಮೇಲೆ ಹೇಳಿದ್ರು, "ಅಜ್ಜಿ, ಒಬ್ಬರಿಗೆ ಒಂದೇ ಕಾಲು ಅಂತ ನಿಯಮ ಐತೆ. ಇನ್ನೂ ಎಷ್ಟೋ ಜನ ಕಾಯ್ತಾ ಇದಾರೆ. ನಿಮಗೆ ಎರಡನೇದು ಕೊಟ್ರೆ, ಒಂದೂ ಇಲ್ಲದೋನಿಗೆ ನಾನೇನು ಹೇಳಲಿ?"

ಜಗಳಕ್ಕೆ ಅಂತಲೇ ಹೋದವಳು ನಾನು. ಆದ್ರೆ ಆ ಕುರಿಯೋನ ಹಿಂದೆ ನಿಂತಿದ್ದ ಸಾಲು ನಾನೂ ನೋಡಿದ್ದೆ. ಎದ್ದು ಬಂದೆ.

ಮೊಮ್ಮಗಳಿಗೆ ಹೇಳಿದಾಗ, "ಅವರನ್ನ ಯಾಕೆ ಕೇಳಿದೆ ಅಜ್ಜಿ? ಕಾಲು ಮಾಡಿದೋರನ್ನ ಕೇಳಬೇಕು" ಅಂದಳು. ತಮ್ಮ ಮೀಟಿಂಗಿನಲ್ಲಿ ಈ ಮಾತು ಎತ್ತಿದಳಂತೆ. ಅಲ್ಲೇ ಒಬ್ಬ, "ಕೊಟ್ಟಾಯ್ತಲ್ಲ, ಫೋಟೋನೂ ಬಂತಲ್ಲ" ಅಂದನಂತೆ. ಇವಳು, "ಫೋಟೋ ಮಗ್ಗ ತುಳಿಯುತ್ತಾ?" ಅಂದಳಂತೆ. ಬಾಯಿ ನಂದೇ ಬಂದೈತೆ.

ಕಾಲು ಮಾಡೋ ಸಂಸ್ಥೆಯಲ್ಲಿ ಅಳತೆ ತಗೊಂಡಿದ್ದೋಳು ಒಬ್ಬ ಚಿಕ್ಕ ವಯಸ್ಸಿನ ಹುಡುಗಿ. ಫೋನು ಮಾಡಿದ್ರೆ, "ಮಗ್ಗದಲ್ಲಿ ಕಾಲು ಏನು ಮಾಡುತ್ತೆ, ನನಗೆ ವಿಡಿಯೋ ಕಳಿಸಿ" ಅಂದಳು. ಮೊಮ್ಮಗಳು ನನ್ನನ್ನೂ ಕರಕೊಂಡು ಮೊಳಕಾಲ್ಮೂರಿಗೆ ಬಂದು, ಗುಣಿಯೊಳಗೆ ಮುದುಡಿ ಕೂತು ಫೋನು ಹಿಡಿದಳು.

"ಮುಖ ತೆಗೀಬೇಡ ಕಣೇ, ತಲೆ ಬಾಚಿಲ್ಲ" ಅಂದಳು ಮಗಳು.

"ಅತ್ತೆ, ಇಲ್ಲಿಂದ ನಿನ್ನ ಹಿಮ್ಮಡಿ ಬಿಟ್ರೆ ಏನೂ ಕಾಣಲ್ಲ. ತುಳಿ."

ವಿಡಿಯೋ ನೋಡಿದ ಆ ಹುಡುಗಿ ಎರಡನೇ ಕಾಲು ಬೇಡ ಅಂದಳಂತೆ. ಮಂಡಿ ಕೂರೋ ಬಟ್ಟಲು ಅದೇ ಇರಲಿ, ಕೆಳಗಿನ ಕೊಳವೆ ಅದೇ ಇರಲಿ, ಪಾದ ಮಾತ್ರ ಬಿಚ್ಚೋಕೆ ಬರುತ್ತೆ, ಆ ಜಾಗಕ್ಕೆ ಬೇರೆ ತುದಿ ಹಾಕೋಣ ಅಂತ. ನಾನು ಮಿಲ್ಲಿನಲ್ಲಿ ಕೂಗಾಡಿದ್ದೆಲ್ಲ ದಂಡ. ತಿರುಪು ಅವಳು ಕಳಿಸಿದಳು. ತುದಿ ಮಾಡೋ ಕೆಲಸ ಮರಿ ಕ್ಲಬ್ಬಿನೋರು ಹೊತ್ತುಕೊಂಡು, ಮೊಳಕಾಲ್ಮೂರಿನಲ್ಲಿ ಮಗ್ಗ ಮಾಡೋ ಬಡಗಿ ಹತ್ರ ಹೋದ್ರು.

ಬಡಗಿ ಇವರ ನಕ್ಷೆ ತಿರುಗಾಮುರುಗಾ ನೋಡಿ, "ಏಮ್ಮಾ, ಇದಿ ಕಾಲಾ, ಲೋಟಾನಾ?" ಅಂತ ತೆಲುಗು ಬೆರೆಸಿ ಕೇಳಿದ. ಮೊದಲು ಮಾಡಿದ ಕಟ್ಟಿಗೆ ತುದಿ ತಿರುಪು ಬಿಗಿಯುವಾಗ ಸೀಳಿಹೋಯ್ತು. ಎರಡನೇದಕ್ಕೆ ತೇಗ ಹಾಕಿ, ತಳದಲ್ಲಿ ಮಣೆ ಕೂರೋ ಹಾಗೆ ಕಚ್ಚು ಕೊರೆದು, ಒಳಗೆ ಚರ್ಮ ಅಂಟಿಸಿದ್ರು. ನೋಡೋಕೆ ಚೆನ್ನಾಗಿರಲಿಲ್ಲ. ಒನಕೆಯ ತುಂಡಿನ ಥರ ಇತ್ತು. ಆದ್ರೆ ಮಣೆ ಮೇಲೆ ಇಟ್ರೆ ಅಲ್ಲೇ ಕಚ್ಚಿಕೊಳ್ತು. ಜಾರಲಿಲ್ಲ, ಪಕ್ಕದ್ದನ್ನ ಮುಟ್ಟಲಿಲ್ಲ.

ಇಷ್ಟಾಗೋ ಹೊತ್ತಿಗೆ ಮಗಳು ಆ ಜಾಗದಲ್ಲಿ ಕೂತು ಒಂದು ವರ್ಷ ಆಗ್ತಾ ಬಂದಿತ್ತು. ಅವಳ ಬಡಿತ ಬಿಗಿಯಾಗಿತ್ತು. ಸೀರೆ ತಗೊಳ್ಳೋಕೆ ಬಂದೋನು, "ಈ ಕೈ ಯಾರದ್ದು?" ಅಂತ ಕೇಳಿದ್ದನಂತೆ. ಅದನ್ನ ಅವಳು ನನಗೆ ಎರಡು ಸಲ ಹೇಳಿದಳು.

ಅಳಿಯ ಕಟ್ಟಿಗೆ ತುದಿ ಸಿಗಿಸಿಕೊಂಡು ಮಗ್ಗದ ಹತ್ರ ಬಂದು ನಿಂತ. ಮಗಳು ಏಳಲಿಲ್ಲ. ಲಾಳಿ ಓಡ್ತಾನೇ ಇತ್ತು.

"ಏಳೇ" ಅಂದ.

"ಈ ಸೀರೆ ಮುಗೀಲಿ."

"ಕಾಲು ಬಂದೈತೆ."

"ಕಂಡೆ. ಈಗ ನೀನು ಕೂತ್ರೆ ಮತ್ತೆ ಗೆರೆ ಬೀಳುತ್ತೆ. ಮುಗೀಲಿ."

ಅವಳು ಹೇಳಿದ್ದು ನಿಜ. ಅಷ್ಟೇ ಅಲ್ಲ ಅಂತಲೂ ನನಗೆ ಗೊತ್ತಾಯ್ತು. ಹಿಂದಿನ ಸಲ ಅವನಿಗೆ ಅಂತ ಗುಣಿ ಗುಡಿಸಿ ಎದ್ದು ಹೋದೋಳು ಇವಳೇ. ಈ ಸಲ ಕಾಲು ನಿಜವಾಗಿ ಕೂರುತ್ತೆ, ಎದ್ರೆ ಎದ್ದಂಗೇ. ಅಳಿಯನ ಜಾಗ ಹೋಯ್ತು ಅಂತ ನಾನು ಮಿಲ್ಲಿನ ತನಕ ಹೋಗಿ ಕೂಗಾಡಿದ್ದೆ. ಅವನಿಗೆ ಸಿಕ್ಕಿದ್ರೆ ಯಾರದ್ದು ಹೋಗುತ್ತೆ ಅಂತ ನನ್ನ ತಲೆಗೇ ಬಂದಿರಲಿಲ್ಲ, ಕ್ಲಬ್ಬಿನೋರಿಗೂ ಬಂದಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ನನ್ನ ಕಡೆ ನೋಡಿದ್ರು. ನಾನು ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡೆ.

ಆ ಸೀರೆ ಮುಗಿಯೋ ಮುಂಚೆಯೇ ಅಧ್ಯಕ್ಷರು ಫೋಟೋದೋನನ್ನ ಕರಕೊಂಡು ಬಂದ್ರು. ಜತೆಗೆ ಮೊಮ್ಮಗಳ ಗುಂಪು. "ಎಲ್ಲಿ, ಮಗ್ಗದಲ್ಲಿ ಕೂತ್ಕೊಳ್ಳಿ ನೋಡೋಣ. ಆ ಕಾಲು ಮಣೆ ಮೇಲಿರೋದು ಕಾಣಬೇಕು" ಅಂದ್ರು ಅಳಿಯನಿಗೆ.

ಮಗಳು ತಲೆ ಎತ್ತಲಿಲ್ಲ. "ಒಂದೇ ನಿಮಿಷ ಏಳಮ್ಮಾ, ಫೋಟೋಕ್ಕೆ ಅಷ್ಟೇ" ಅಂದ್ರು. ಅವಳ ಕೈ ಲಾಳಿ ಮೇಲೆ ನಿಂತಿತು. ಏಳ್ತಾಳೆ ಅಂದುಕೊಂಡೆ. ಅಷ್ಟು ಜನ ಮನೇಲಿ ನಿಂತಿರುವಾಗ ಯಾರಾದ್ರೂ ಏಳ್ತಾರೆ.

ಅಳಿಯನೇ ಬಾಯಿ ಬಿಟ್ಟ. "ಬ್ಯಾಡ ಸಾರ್. ಇದು ಆಕೆ ಸೀರೆ. ಇದಕ್ಕೆ ನಾನು ಕಾಲಿಡಂಗಿಲ್ಲ."

ಅಧ್ಯಕ್ಷರಿಗೆ ತಿಳೀತೋ ಇಲ್ವೋ. ಅಂಚಿನ ಲಾಳಿ ಹಿಡಿದು ಪಕ್ಕದಲ್ಲಿ ಕೂತ ಅಳಿಯನ ಫೋಟೋನೇ ತೆಗೆಸಿಕೊಂಡು ಹೋದ್ರು. ಕಟ್ಟಿಗೆ ತುದಿ ಕಾಣಲಿ ಅಂತ ಕಾಲು ಮುಂದಕ್ಕೆ ಚಾಚಿಸಿದ್ರು.

ಮುಂದಿನ ಸೀರೆಗೆ ಅವನು ಕೂತ. ಮೊದಮೊದಲು ಪ್ರತಿ ತುಳಿತಕ್ಕೂ ಬಗ್ಗಿ ಕೆಳಗೆ ನೋಡೋನು. ಆಮೇಲೆ ಸದ್ದಿನಲ್ಲೇ ತಿಳಿಯೋಕೆ ಶುರುವಾಯ್ತು, ಕಟ್ಟಿಗೆ ಮೇಲೆ ಕಟ್ಟಿಗೆ ಟೊಕ್ಕಂತ ಕೂರೋ ಸದ್ದು. ಮೊದಲಿನಷ್ಟು ವೇಗ ಬರಲಿಲ್ಲ, ಇನ್ನೂ ಬಂದಿಲ್ಲ. ಮಗಳು ಪಕ್ಕದ ಜಾಗದಲ್ಲಿ ಅಂಚು ತಳ್ಳೋಳು. ಅವಳ ಪಾದ ನೆಲದ ಮೇಲೆ ತಾನಾಗೇ ತುಳೀತಾ ಇರೋದು.

ಸೀರೆ ಇಳಿಸಿದ ದಿನ ಅವನು ಹೊಸ ಹಾಸು, ಅಂದ್ರೆ ಉದ್ದದ ಎಳೆ, ಹೂಡೋ ಮಾತು ತೆಗೆದ. ಮಗಳು ಕಸಬರಿಗೆ ತಗೊಂಡು ಗುಣಿ ಗುಡಿಸ್ತಾ ಹೇಳಿದಳು, "ಮುಂದಿನದು ನಂದು."

"ಯಾಕೆ?"

"ಯಾಕಂದ್ರೆ? ನನಗೂ ಕಾಲೈತೆ."

ಅವನು ಸ್ಪ್ಯಾನರು ತಗೊಂಡು ಕಟ್ಟಿಗೆ ತುದಿ ಬಿಚ್ಚಿ, ನಡೆಯೋ ಪಾದ ಸಿಗಿಸಿ, ಬೂಟು ಹಾಕ್ಕೊಂಡು ಹೊರಗೆ ಹೋದ. ಕೋಪ ಮಾಡ್ಕೊಂಡ ಅಂದುಕೊಂಡ್ವಿ. ಬರುವಾಗ ಮಿರ್ಚಿ, ಮಂಡಕ್ಕಿ ಕಟ್ಟಿಸಿಕೊಂಡು ಬಂದ. ತಿಂದು ಕೈ ತೊಳೆದು, ಇಬ್ಬರೂ ಹೊಸ ಹಾಸಿನ ಎಳೆ ಹಳೇದಕ್ಕೆ ಸೇರಿಸೋಕೆ ಕೂತ್ರು. ಆವತ್ತಿಂದ ಒಂದು ಸೀರೆ ಅವನದ್ದು, ಒಂದು ಅವಳದ್ದು.