ಅಳತಿ ಜಂಪರ್

ಜವಳಗೇರಾದ ಲೇಡೀಸ್ ಟೇಲರ್ ಬಸಲಿಂಗ ಹಗಲೆಲ್ಲ ಪ್ಯಾಂಟು ಅಂಗಿಯಲ್ಲಿ ಕೂತು ಜಂಪರು ಹೊಲಿಯುತ್ತಾನೆ. ಸಂಜೆ ಶಟರ್ ಇಳಿಸಿದನೆಂದರೆ ಸೀರೆಯುಟ್ಟು ರೀಲ್ಸಿನ ತುಂಗಾ ಆಗುತ್ತಾನೆ. ಸೆರಗು ಮನಸ್ಸಿಗೆ ಬಂದಂತೆ ಬೀಳುವವರೆಗೆ ಒಂದೇ ರೀಲನ್ನು ನಲವತ್ತು ಸಲ ತೆಗೆಯುತ್ತಾನೆ. ಕಾಮೆಂಟಿನಲ್ಲಿ 'ತುಂಗಕ್ಕಾ' ಎಂದವರಿಗೆ ಸಾಲು ಸಾಲು ಕೆಂಪು ಹಾರ್ಟು. 'ಅಣ್ಣಾ' ಎಂದವರು ಅಲ್ಲೇ ಬ್ಲಾಕ್. ಅಂಗಡಿಯಲ್ಲಿ ಮಾತ್ರ ದಿನವಿಡೀ ಅಣ್ಣನೇ. ಗಿರಾಕಿಗಳನ್ನು ಬ್ಲಾಕ್ ಮಾಡಲಾದೀತೆ? ಗಂಡಸು ಮೈಗೆ ಟೇಪು ಹಚ್ಚಬಾರದೆಂದು ಹೆಂಗಸರು ಅಳತೆಗೆ ಹಳೇ ಜಂಪರು ಕೊಟ್ಟು ಹೋಗುತ್ತಾರೆ. ಹತ್ತು ವರ್ಷ ಹಾಗೇ ಕೊಟ್ಟ, ಭತ್ತದ ನಾಟಿಗೆ ಹೋಗುವ ಆದಮ್ಮ ಮೊನ್ನೆ ಮಗಳ ಫೋನಿನಲ್ಲಿ ರೀಲ್ ನೋಡಿ, ಹೊಸ ಬಟ್ಟೆಯನ್ನಷ್ಟೇ ಹಿಡಿದು ಬಂದಳು. "ಅಳತಿ ಜಂಪರ್ ಎಲ್ಲೈತಿ ಬೇ ಯವ್ವಾ?" ಎಂದು ಬಸಲಿಂಗ ಕೇಳಿದರೆ, ಆಕೆ ಎರಡೂ ತೋಳೆತ್ತಿ ನಿಂತು, "ಅದ್ಯಾಕ ಬೇಕು ತುಂಗವ್ವಾ? ಟೇಪ್ ಹಿಡಿ" ಎಂದಳು.