ಎಮ್ಮೆಗೆ ಬೀಸಿದ ಹೊಡೆತ

ಮಂಡ್ಯದ ಗುತ್ತಲಿನಲ್ಲಿ ನಮ್ಮ ಪಕ್ಕದ ಮನೆಯ ಎಂಜಿನಿಯರರು ಗಾಲ್ಫ್ ಕಲಿತದ್ದು ಎರಡು ಇಂಗ್ಲಿಷ್ ಪುಸ್ತಕಗಳಿಂದ. ಒಂದು ಪುಸ್ತಕದಂತೆ ಕೋಲು ಬೀಸುವ ಕ್ಲಾಸಿಕ್ ಸ್ವಿಂಗಿನ ದಿನ ಹಿಮ್ಮಡಿ ಎತ್ತಿ ಮೈಯೆಲ್ಲ ತಿರುಗಿಸುವರು. ಇನ್ನೊಂದರಂತೆ ಮಾಡರ್ನ್ ಸ್ವಿಂಗಿನ ದಿನ ಹಿಮ್ಮಡಿ ಊರಿ ಕಂಬದಂತೆ ನಿಲ್ಲುವರು. ಚೆಂಡು ಮಾತ್ರ ಎರಡು ದಿನವೂ ಕಬ್ಬಿನ ಗದ್ದೆಗೇ. "ಫಾರ್ಮ್, ಮೈ ಡಿಯರ್, ಫಾರ್ಮ್!" ಎಂದು ಕಾನ್ವೆಂಟಿನಿಂದ ರಜೆಗೆ ಬಂದ ನನಗೂ ನಿಲುವು-ಬೀಸಿನ ಪಾಠ.

ಮೈಸೂರಿನ ಮ್ಯಾಚಿಗೆ ಆಟಗಾರರನ್ನು ಆರಿಸಲು ಒಂದು ದಿನ ಬಿಳಿಯ ದೊರೆಯೊಬ್ಬ ಬಂದ. ಅಲ್ಲಿ ಆಡುವುದು ನಮ್ಮ ಎಂಜಿನಿಯರರ ಜನ್ಮದ ಆಸೆ. ಯಾವ ಪುಸ್ತಕದಂತೆ ಹೊಡೆಯಲಿ ಎಂದು ಯೋಚಿಸುತ್ತಿರುವಾಗಲೇ ಎಮ್ಮೆಯೊಂದು ಅಡ್ಡ ಬಂತು. "ಹೈ, ಹೈ!" ಎಂದು ಸಿಟ್ಟಿನಲ್ಲಿ ಕೋಲು ಬೀಸಿದರು. ಚೆಂಡು ಎಮ್ಮೆಯ ಕೊಂಬಿನ ಮೇಲೆ ಹಾರಿ ಗುರಿಯ ಕುಳಿಯಲ್ಲಿ ನೆಟ್ಟ ಬಾವುಟದ ಬುಡಕ್ಕೇ ಬಿತ್ತು.

ಹುಲ್ಲು ಕೊಯ್ಯುತ್ತಿದ್ದವಳು ಕುಡುಗೋಲು ಬಿಟ್ಟು ನಕ್ಕಳು. "ಇಂಗೇ ಒಡೀರಿ ಬುದ್ದೀ, ಇವತ್ತೇ ನೆಟ್ಗೆ ಓಗಿದ್ದು!"

ದೊರೆ ಚಪ್ಪಾಳೆ ತಟ್ಟಿದ. ಇವರು ಮುಖ ಕಿವುಚಿದರು. "ನೋ ಸರ್, ಫಾರ್ಮ್ ಸರಿಯಿರಲಿಲ್ಲ. ಇನ್ನೊಮ್ಮೆ ಹೊಡೆಯುತ್ತೇನೆ."

ಹಿಮ್ಮಡಿ ಸರಿಮಾಡಿಕೊಂಡು ಪುಸ್ತಕದ ಚಿತ್ರದಂತೆಯೇ ಬೀಸಿದರು. ಚೆಂಡು ನಾಲೆಗೆ ಬಿತ್ತು. ದೊರೆ ಇವರ ಹೆಸರು ಬರೆಯದೆಯೇ ಆಟಗಾರರ ಪಟ್ಟಿ ಮಡಚಿ ಜೇಬಿಗಿಟ್ಟ.

"ಫಾರ್ಮ್ ನೋಡಿದೆಯಾ, ಮೈ ಡಿಯರ್?" ಎಂದು ಇವರು ನನ್ನತ್ತ ತಿರುಗಿದರು.

ನಾನು ಎಮ್ಮೆಯನ್ನು ನೋಡುತ್ತಿದ್ದೆ.