ನೀರಿನ ಪಾಳಿಯ ಪ್ರೋಗ್ರಾಂಗೆ ಒಂದು ಪರವಾನಗಿ

ಹೋದ ವರ್ಷ ಕಾಲುವೆಗೆ ನೀರು ಬಿಡಲು ಇನ್ನೂ ಸ್ವಲ್ಪ ದಿನ ಇದ್ದಾಗಿನ ಮಾತು. ನಾನು ಮಸ್ಕಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ, ಮನೆ ಬಳಗಾನೂರು. ನಮ್ಮ ಹೊಲ ಇರುವುದು ತೂಬಿನಿಂದ ಎಲ್ಲರಿಗಿಂತ ಕೆಳಗೆ. ಮೇಲಿನವರು ಬಿಟ್ಟರೆ ನಮಗೆ ನೀರು. ಪ್ರತಿ ಹಂಗಾಮಿನಲ್ಲೂ ಅಪ್ಪ ಪಾಳಿಗಾಗಿ ಜಗಳಾಡಿ ಗಂಟಲು ಕೆಡಿಸಿಕೊಂಡು ಬರುವುದನ್ನು ನೋಡಿ ನೋಡಿ ಬೇಸತ್ತು, ನಾನೇ ಒಂದು ಪ್ರೋಗ್ರಾಂ ಬರೆದಿದ್ದೆ. ಯಾರದು ಎಷ್ಟು ಎಕರೆ ಎಂದು ತುಂಬಿದರೆ ಸಾಕು, ಯಾರಿಗೆ ಯಾವಾಗ ಎಷ್ಟು ಹೊತ್ತು ನೀರು ಎಂದು ಲೆಕ್ಕ ಹಾಕಿ ಎಲ್ಲರ ಮೊಬೈಲಿಗೂ ಕಳಿಸುತ್ತದೆ. ನಮ್ಮ ತೂಬಿನಲ್ಲಿ ಜಗಳ ನಿಂತಿತು. ನಿಂತಿತು ಅಂದರೆ, ಕಡಿಮೆಯಾಯಿತು. ನಾನು ಹಿಗ್ಗಿ ಹೀರೇಕಾಯಿಯಾಗಿ, ಬೇಕಾದವರು ಬಳಸಲಿ ಎಂದು ಅದರ ಕೋಡನ್ನೆಲ್ಲ ಇಂಟರ್‌ನೆಟ್ಟಿಗೆ ಹಾಕಿಬಿಟ್ಟೆ.

ಒಂದು ಭಾನುವಾರ ಸಿಂಧನೂರಿನ ಬಳಿ ಬಂಗಾಳಿ ನಿರಾಶ್ರಿತರು ನೆಲೆಸಿರುವ ಆರ್.ಎಚ್. ಕ್ಯಾಂಪಿನಿಂದ ಮಿತಾಲಿ ಎಂಬ ಹುಡುಗಿ ಬಸ್ಸು ಹತ್ತಿ ಮನೆಗೇ ಬಂದಳು. ಬಿ.ಸಿ.ಎ. ಓದುತ್ತಿದ್ದಾಳೆ.

“ಅಕ್ಕಾರ, ನಿಮ್ಮ ಪ್ರೋಗ್ರಾಂ ಬಂಗಾಳಿಗೆ ಮಾಡಿ ನಮ್ಮ ಕ್ಯಾಂಪಿನವರಿಗೆ ಕೊಡಬೇಕಂತ ಮಾಡೀನ್ರಿ. ಆದ್ರ ಅದರಾಗ ಲೈಸೆನ್ಸೇ ಇಲ್ಲಲ್ರಿ?”

“ಎಲ್ಲಾರಿಗೂ ಕಾಣೋಹಂಗ ಇಟ್ಟೀನಲ್ಲವಾ, ತೊಗೊಂಡು ಹೋಗು,” ಎಂದು ನಕ್ಕೆ.

ಅವಳು ನಗಲಿಲ್ಲ. “ಕಾಣೋಹಂಗ ಇಟ್ರ ಕೊಟ್ಟಂಗಾಗಂಗಿಲ್ರಿ. ನಮ್ಮ ಅಜ್ಜಾರು ಇಲ್ಲಿಗೆ ಬಂದು ಹೊಲ ಮಾಡಿದ್ರೂ ಹಕ್ಕುಪತ್ರ ಕೈಗೆ ಬರೋತನಕ ಕಣ್ತುಂಬ ನಿದ್ದಿ ಮಾಡಿಲ್ರಿ. ಬಾಯಿಮಾತಂದ್ರ ನಮ್ಮ ಮಂದಿ ಹೆದರ್ತಾರ. ನಾಟಿ ನಡದಾಗ ನೀವು ಬ್ಯಾಡ ಅಂದ್ರ ಪಾಳಿ ಎಲ್ಲಾ ಕೆಡ್ತೈತ್ರಿ. ಬರದು ಕೊಡ್ರಿ.”

ನನ್ನ ಮುಖ ಸಣ್ಣದಾಯಿತು. ಅವಳು ಹೇಳಿದ್ದು ಸರಿಯೇ. ಪರವಾನಗಿ ಬರೆಯದೆ ಇಟ್ಟ ಪ್ರೋಗ್ರಾಂ ಮೇಲಿನ ಹಕ್ಕೆಲ್ಲ ಬರೆದವರದೇ. ಬೇರೆಯವರು ಅದನ್ನು ತಿದ್ದಿ ಹಂಚುವಂತಿಲ್ಲ. ದೊಡ್ಡ ದಾನ ಮಾಡಿದೆ ಅಂದುಕೊಂಡಿದ್ದ ನಾನು ಏನನ್ನೂ ಕೊಟ್ಟೇ ಇರಲಿಲ್ಲ.

ಕಟ್ಟೆಯ ಮೇಲಿದ್ದ ಅಪ್ಪನಿಗೆ ಇದು ಹಿಡಿಸಲಿಲ್ಲ. “ಬರದು ಕೊಟ್ಟಿ ಅಂದ್ರ ನಿಂದೇನು ಉಳೀತೈತಿ ಯವ್ವಾ? ನಾಳೆ ಪ್ಯಾಟ್ಯಾಗಿನ ಯಾವನರ ತನ್ನ ಹೆಸರು ಹಚ್ಚಿ ಕೀಲಿ ಹಾಕ್ಕೊಂಡ್ರ?”

ನಿಜ ಹೇಳಬೇಕೆಂದರೆ ಆ ಅಂಜಿಕೆ ನನಗೂ ಇತ್ತು. ಮಿತಾಲಿಯನ್ನು ಕೂರಿಸಿಕೊಂಡೇ ಮುಕ್ತ ತಂತ್ರಾಂಶದ ಪರವಾನಗಿಗಳನ್ನು ಓದಿದೆ. ಒಂದು ಮನಸ್ಸಿಗೆ ಬಂತು.

“ಹೆಸರು ನಂದೇ ಇರ್ತೈತಿ ಅಪ್ಪಾ. ಯಾರು ಬೇಕಾದ್ರೂ ಬಳಸಬಹುದು, ತಿದ್ದಬಹುದು. ಆದ್ರ ತಿದ್ದಿ ಮತ್ತೊಬ್ಬರಿಗೆ ಕೊಟ್ರ, ಕೋಡ್ ಸಮೇತ ಇದೇ ಷರತ್ತಿನ ಮ್ಯಾಲೆ ಕೊಡಬೇಕು.”

ಅಪ್ಪ ಯೋಚಿಸಿದರು. “ಅಂದ್ರ ಮ್ಯಾಲಿನವ ತಾ ನೀರು ಹಾಯಿಸ್ಕೊಂಡು ಕೆಳಗಿನವಗ ಅಡ್ಡ ಕಟ್ಟಂಗಿಲ್ಲ?”

“ಕಟ್ಟಂಗಿಲ್ಲ.”

“ಹಂಗಾರ ಹಚ್ಚು!”

ಪರವಾನಗಿಯ ಪೂರ್ಣ ಪಠ್ಯವನ್ನು ಒಂದು ಫೈಲಾಗಿ ಸೇರಿಸಿದೆ. ಉಳಿದ ಪ್ರತಿ ಫೈಲಿನ ತಲೆಗೂ ವರ್ಷ, ನನ್ನ ಹೆಸರು, ಅನುಮತಿಯ ಸಾಲುಗಳನ್ನು ಹಾಕಿದೆ. ಯಾವ ಖಾತರಿಯೂ ಇಲ್ಲ ಎಂಬ ಸಾಲನ್ನು ಓದಿ ಹೇಳಿದಾಗ ಅಪ್ಪ, “ಲೆಕ್ಕ ತಪ್ಪಿದ್ರ ನಂದಲ್ಲಂತ ಮದ್ಲ ಕೈ ಎತ್ತಿಬಿಟ್ಟಿ!” ಎಂದು ಕಾಲೆಳೆದರು. ಮಿತಾಲಿ ಚಹಾ ಕುಡಿದು, ಎಲ್ಲವನ್ನೂ ತಾನೊಮ್ಮೆ ಓದಿ, ನಿರಾಳವಾಗಿ ಸಂಜೆಯ ಬಸ್ಸಿಗೆ ಹೋದಳು.

ಲೆಕ್ಕ ನಿಜವಾಗಿಯೂ ತಪ್ಪಿತ್ತು. ನಾಟಿಗೆ ಮುಂಚೆ ಅವಳು ತಿದ್ದಿದ ಪ್ರೋಗ್ರಾಂ ಇಂಟರ್‌ನೆಟ್ಟಿಗೆ ಬಂತು. ಬಂಗಾಳಿಯ ಜೊತೆ ಇನ್ನೊಂದು ಬದಲಾವಣೆ ಇತ್ತು. ಅವಳ ಮನೆಯ ಹೊಲವೂ ಕೊನೆಯದೇ. ತೂಬಿನಿಂದ ಅಲ್ಲಿಯವರೆಗೆ ನೀರು ಹರಿದು ಬರಲು ಹಿಡಿಯುವ ಹೊತ್ತನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕೊನೆಯ ಹೊಲದ ಮಗಳಾಗಿಯೂ ನನಗೆ ಹೊಳೆಯದ ಆ ಹೊತ್ತನ್ನು ಅವಳು ಕೆಳಗಿನವರ ಪಾಳಿಗೆ ಸೇರಿಸಿದ್ದಳು. ಷರತ್ತಿನಂತೆ ಕೋಡನ್ನೂ ತೆರೆದಿಟ್ಟಿದ್ದಳು, ಆ ತಿದ್ದುಪಡಿಯನ್ನು ನಾನು ನಮ್ಮ ಪ್ರೋಗ್ರಾಂಗೂ ತೆಗೆದುಕೊಂಡೆ. ಈಗ ಅದರ ತಲೆಯಲ್ಲಿ ನನ್ನ ಹೆಸರಿನ ಕೆಳಗೆ ಅವಳ ಹೆಸರಿದೆ.

ಆ ಹಂಗಾಮಿನಲ್ಲಿ ಮೊದಲ ಸಲ ನಮ್ಮ ಕೊನೆಯ ಮಡಿಗೂ ಪಾಳಿಯೊಳಗೇ ನೀರು ಮುಟ್ಟಿತು. ಬದುವಿನ ಮೇಲಿಂದಲೇ ಅಪ್ಪ ಫೋನ್ ಮಾಡಿದರು. “ಯವ್ವಾ, ಆ ಹುಡುಗಿಗೆ ಹೇಳು. ಇಷ್ಟು ದಿನ ಮ್ಯಾಲಿನವರು ಬಿಟ್ರ ನೀರು, ಈ ಸಲ ಕೆಳಗಿನವರು ಬಿಟ್ಟ ನೀರು ನಮಗ ಬಂತಂತ ಹೇಳು.”

ಈಗಲೂ ಹೊಸ ಪ್ರೋಗ್ರಾಂ ಶುರುಮಾಡುವಾಗ ಮೊದಲು ಪರವಾನಗಿಯ ಫೈಲು ಹಾಕುತ್ತೇನೆ. ಹಾಕುವಾಗೆಲ್ಲ ಅಪ್ಪನ ಆ ದನಿ ಕೇಳಿದಂತಾಗಿ ಕಣ್ಣು ತುಂಬಿ ಬರುತ್ತದೆ.